ಮಗನ ಕಾಲು, ಅಪ್ಪನ ಹಾಡು

ಯಲಹಂಕದ ಕಡೆ ಲಕ್ಕಿ ಅಲಿ ಇದ್ದಾರೆ ಎಂದರೆ ಈಗಲೂ ನಂಬದವರು ಸಿಗುತ್ತಾರೆ. "ಯಾವ ಲಕ್ಕಿ ಅಲಿ? ಆ ಪಿರಮಿಡ್ಡುಗಳ ಮಧ್ಯೆ ಹಾಡ್ಕೊಂಡು ಓಡಾಡಿದವನಾ?" ಎಂದು ಕೇಳುತ್ತಾರೆ. ಹೌದು, ಅವರೇ. 1996ರಲ್ಲಿ 'ಸುನೋ' ಆಲ್ಬಂ ಬಂದಾಗ ನಾವು ಆರ್.ಟಿ. ನಗರದಲ್ಲಿದ್ದೆವು. ಕೇಬಲ್ಲಿನವನು ಹೊಸದಾಗಿ ಎಳೆದ ಕಪ್ಪು ವೈರು ಮನೆಯ ಮುಂದಿನ ಹೊಂಗೆ ಮರದ ಕೊಂಬೆಯ ಮೇಲಿಂದ ಜೋತುಬಿದ್ದು ಒಳಗೆ ಬರುತ್ತಿತ್ತು. ಅದರಲ್ಲಿ ಬರುತ್ತಿದ್ದ ಎಂಟಿವಿ ಮತ್ತು ಚಾನೆಲ್ ವಿ ಮನೆಯ ಹಿರಿಯರಿಗೆ ತಲೆನೋವು, ನಮಗೆ ಹಬ್ಬ. 'ಓ ಸನಮ್' ಹಾಡಿನಲ್ಲಿ ಮರಳಿನ ಮೇಲೆ ನಡೆಯುವ ಆ ಮನುಷ್ಯ ನಮ್ಮ ಮನೆಯಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಜಮೀನಿಗೆ ಸೇರಿದವನು ಎಂದು ಆಗ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಈ ಬರಹಕ್ಕೆ ಕಾರಣ ಮಾತ್ರ ಬೇರೆಯೇ ಒಂದು ಸಿನಿಮಾ. 2024ರ ಫೆಬ್ರವರಿ 16ರಂದು ಅಮೆರಿಕದ ಗಾಯಕಿ ಜೆನಿಫರ್ ಲೋಪೆಜ್ ತನ್ನದೇ ಪ್ರೇಮ, ಮುರಿದ ಮದುವೆಗಳು, ಮತ್ತೆ ಸಿಕ್ಕ ಹಳೆಯ ಪ್ರಿಯಕರ ಇವನ್ನೆಲ್ಲ ಹೆಣೆದು ಒಂದು ಗಂಟೆಯ ಚೂರು ಆಚೀಚೆಯ ಸಂಗೀತ ಚಿತ್ರವೊಂದನ್ನು ಬಿಡುಗಡೆ ಮಾಡಿದಳು. 'ದಿಸ್ ಈಸ್ ಮಿ... ನೌ: ಎ ಲವ್ ಸ್ಟೋರಿ' ಎಂದು ಹೆಸರು, ಡೇವ್ ಮೇಯರ್ಸ್ ನಿರ್ದೇಶನ. ಸುಮಾರು 2 ಕೋಟಿ ಡಾಲರ್ ಸ್ವಂತ ದುಡ್ಡು ಹಾಕಿದ್ದಳಂತೆ. ಹೂವಿನ ಎಸಳು ತುಂಬಿ ನಡೆಸುವ ಒಂದು ಹೃದಯದ ಕಾರ್ಖಾನೆ ಅದರಲ್ಲಿ ಬರುತ್ತದೆ. ಮನಸ್ಸಿನ ಗಾಯಕ್ಕೆ ಮಾತಿನ ಮದ್ದು ಕೊಡುವ ಚಿಕಿತ್ಸಕ ಬರುತ್ತಾನೆ. ಅದೇ ವರ್ಷದ ಆಗಸ್ಟಿನಲ್ಲಿ ಆಕೆ ವಿಚ್ಛೇದನಕ್ಕೆ ಅರ್ಜಿ ಹಾಕಿದಳು ಎನ್ನುವುದು ಚಿತ್ರದ ಹೊರಗಿನ ಮಾತು. ಆದರೆ ಇಂಥ ಚಿತ್ರಗಳಿಗೆ ಒಳಗೆ ಹೊರಗೆ ಎಂಬ ಗೋಡೆ ಇರುವುದಿಲ್ಲವಲ್ಲ.

ಅದನ್ನು ನೋಡಿದ ವಿದ್ಯಾರ್ಥಿನಿಯೊಬ್ಬಳು, ಯಲಹಂಕದವಳೇ, ನನ್ನನ್ನು ಕೇಳಿದಳು: "ಸರ್, ನಮ್ಮ ಕಡೆ ಯಾರಾದ್ರೂ ಹೀಗೆ ತಮ್ಮ ನೋವನ್ನೇ ಸಿನಿಮಾ ಮಾಡಿ ಹಾಡಿದ್ದಾರಾ?" ನಮ್ಮ ಕಡೆ ಎಂದರೆ ಅವಳ ಮನಸ್ಸಿನಲ್ಲಿ ಕನ್ನಡ ಚಿತ್ರರಂಗ ಇತ್ತೇನೋ. ರವಿಚಂದ್ರನ್ ಅವರ 'ಏಕಾಂಗಿ' (2002) ಎಂದು ನಾನು ಹೇಳಬಹುದಿತ್ತು. ದುಡ್ಡು, ನಿರ್ದೇಶನ, ನಟನೆ ತಮ್ಮದೇ ಆಗಿಸಿ, ಸಂಗೀತವನ್ನೂ ತಾವೇ ಹೊಸೆದ ಒಂಟಿತನದ ಚಿತ್ರ ಅದು. ಆದರೆ ನನ್ನ ಬಾಯಿಗೆ ಬಂದದ್ದು ಅವಳ ಊರಿಗೇ ಬಂದು ಸೇರಿದ ಒಂದು ಕುಟುಂಬದ ಹೆಸರು. ಲಕ್ಕಿ ಅಲಿಯ ತಂದೆ ಮೆಹಮೂದ್, ತಮ್ಮ ಮ್ಯಾಕಿ. ಐವತ್ತು ವರ್ಷ ಹಳೆಯ ಒಂದು ಚಿತ್ರ, 'ಕುಂವಾರಾ ಬಾಪ್'.

ಮೆಹಮೂದ್ ಎಂದರೆ ನಮ್ಮ ಹಿಂದಿನ ತಲೆಮಾರಿಗೆ ನಗು. ತಂದೆ ಮುಮ್ತಾಜ್ ಅಲಿ ಬಾಂಬೆ ಟಾಕೀಸಿನ ಕಾಲದ ನರ್ತಕ, ನಟ. ಮೆಹಮೂದ್ 1943ರ 'ಕಿಸ್ಮತ್' ಚಿತ್ರದಲ್ಲಿ ಬಾಲನಟ. ದೊಡ್ಡವನಾದ ಮೇಲೆ ಡ್ರೈವರ್ ಕೆಲಸ ಮಾಡಿದರು, ಮೀನಾಕುಮಾರಿಗೆ ಟೇಬಲ್ ಟೆನಿಸ್ ಹೇಳಿಕೊಡಲು ಹೋಗಿ ಆಕೆಯ ತಂಗಿಯನ್ನೇ ಮದುವೆಯಾದರು. ಹಾಗಾಗಿ ಲಕ್ಕಿ ಅಲಿಗೆ ಮೀನಾಕುಮಾರಿ ದೊಡ್ಡಮ್ಮ. ಅರವತ್ತರ ದಶಕದಲ್ಲಿ ಮೆಹಮೂದ್ ಇಲ್ಲದ ಹಿಂದಿ ಚಿತ್ರಕ್ಕೆ ವಿತರಕರು ಮೂಗು ಮುರಿಯುತ್ತಿದ್ದರು. ದುಡ್ಡು ಬಂದ ಮೇಲೆ ಅವರು ಹೊಸಬರ ಮೇಲೆ ಅದನ್ನು ಹಾಕಿದರು. ಆರ್.ಡಿ. ಬರ್ಮನ್‌ಗೆ ಮೊದಲ ಚಿತ್ರ ಕೊಟ್ಟದ್ದು ಇವರು, 1961ರ 'ಛೋಟೆ ನವಾಬ್'. ಸಾಲುಸಾಲು ಸೋತು ಕೂತಿದ್ದ ಅಮಿತಾಬ್ ಬಚ್ಚನ್‌ಗೆ 1972ರ 'ಬಾಂಬೆ ಟು ಗೋವಾ'ದಲ್ಲಿ ನಾಯಕನ ಪಾತ್ರ ಕೊಟ್ಟವರೂ ಇವರೇ.

ದಕ್ಷಿಣದವರಾದ ನಮಗೆ ಅವರ ಮೇಲೆ ಒಂದು ಸಣ್ಣ ತಕರಾರು ಇದ್ದೇ ಇದೆ. 1968ರ 'ಪಡೋಸನ್' ಚಿತ್ರದಲ್ಲಿ ಅವರು ಮಾಡಿದ ಸಂಗೀತದ ಮೇಷ್ಟ್ರು ಪಿಳ್ಳೈ, ಜುಟ್ಟು ಬಿಟ್ಟು, ಮಾತು ತಿರುಚಿ, ಉತ್ತರದವರ ಕಣ್ಣಿಗೆ ಕಾಣುವ 'ಮದ್ರಾಸಿ'. ನಗುತ್ತಲೇ ಒಳಗೆ ಚುರುಕ್ಕೆನ್ನುತ್ತದೆ. ಹಾಗೆ ನಮ್ಮನ್ನು ಆಡಿಕೊಂಡ ಮನುಷ್ಯ ಕೊನೆಗೆ ಬಾಂಬೆ ಬಿಟ್ಟು ಬೆಂಗಳೂರಿಗೇ ಬಂದು ನೆಲೆಯಾದರು ಎಂಬುದು ನನಗೆ ಸಣ್ಣ ಸಮಾಧಾನ.

ಆದರೆ ಪಡೋಸನ್ ಇಲ್ಲಿ ಬೇಕಾದದ್ದು ಇನ್ನೊಂದು ಕಾರಣಕ್ಕೆ. ಆ ಚಿತ್ರದ ಕತೆಯೇ ಕಡ ತಂದ ಕಂಠದ ಕತೆ. ಸುನಿಲ್ ದತ್ ಕಿಟಕಿಯಲ್ಲಿ ನಿಂತು ಬಾಯಿ ಆಡಿಸುತ್ತಾನೆ, ಹಿಂದೆ ಅಡಗಿ ಕೂತ ಕಿಶೋರ್ ಕುಮಾರ್ ಹಾಡುತ್ತಾನೆ, ಎದುರು ಮನೆಯ ಹುಡುಗಿ ಆ ಧ್ವನಿ ಇವನದೇ ಎಂದು ನಂಬಿ ಒಲಿಯುತ್ತಾಳೆ. ಪಿಳ್ಳೈಗಾದರೂ ಸ್ವಂತ ಕಂಠವಿದೆಯೇ? ಅದು ಮನ್ನಾ ಡೇ ಅವರದು. ಹಿನ್ನೆಲೆ ಗಾಯನ ಎಂಬ ನಮ್ಮ ಪದ್ಧತಿಯನ್ನು ಇಷ್ಟು ನೇರವಾಗಿ ಗೇಲಿ ಮಾಡಿದ ಚಿತ್ರ ಇನ್ನೊಂದಿಲ್ಲ. ನಮ್ಮ ಸಿನಿಮಾದಲ್ಲಿ ಮುಖ ಒಬ್ಬರದು, ಕಂಠ ಇನ್ನೊಬ್ಬರದು, ಮಾತು ಮೂರನೆಯವರದು. ಪ್ರೀತಿ, ವಿರಹ, ಸಾವು ಎಲ್ಲವೂ ಹೀಗೆ ಪಾಲಾಗಿಯೇ ನಮಗೆ ಸಿಕ್ಕಿವೆ. ಜೆನಿಫರ್ ಲೋಪೆಜ್ ಮಾಡಿದ ಹಾಗೆ ತನ್ನ ಮುಖದಿಂದ, ತನ್ನ ಕಂಠದಿಂದ, ತನ್ನ ಗಾಯವನ್ನು ಹಾಡುವುದು ನಮ್ಮಲ್ಲಿ ಯಾಕೆ ತಡವಾಯಿತು ಎಂದರೆ ನಾಚಿಕೆಗಿಂತ ಹೆಚ್ಚಾಗಿ ಈ ಪಾಲುದಾರಿಕೆ ಕಾರಣ ಎಂದು ನನಗೆ ಅನಿಸುತ್ತದೆ.

ಈಗ ಕುಂವಾರಾ ಬಾಪ್‌ಗೆ ಬರೋಣ. ಮೆಹಮೂದ್ ಅವರ ಮಗ ಮಕ್ದೂಮ್, ಮನೆಯವರಿಗೆ ಮ್ಯಾಕಿ. ಅವನಿಗೆ ಎಳವೆಯಲ್ಲಿ ಪೋಲಿಯೋ ತಗಲಿತು. ಅಷ್ಟು ಹೆಸರು, ಅಷ್ಟು ಹಣ ಇದ್ದ ತಂದೆಗೆ ಮಗನ ಕಾಲನ್ನು ಮೊದಲಿನಂತೆ ಮಾಡಲಾಗಲಿಲ್ಲ. 1974ರಲ್ಲಿ ಅವರು ಆ ನೋವನ್ನೇ ಚಿತ್ರ ಮಾಡಿದರು. ನಿರ್ದೇಶನ ಅವರದೇ. ರಿಕ್ಷಾ ಓಡಿಸುವ ಮಹೇಶನಿಗೆ ಯಾರೋ ಬಿಟ್ಟುಹೋದ ಕೂಸು ಸಿಗುತ್ತದೆ. ಮದುವೆಯಾಗದವನು ಅಪ್ಪನಾಗುತ್ತಾನೆ. ಮಗುವಿಗೆ 'ಹಿಂದೂಸ್ತಾನ್' ಎಂದು ಹೆಸರಿಡುತ್ತಾನೆ. ಆ ಹಿಂದೂಸ್ತಾನನಿಗೆ ಪೋಲಿಯೋ ಬರುತ್ತದೆ. ಲಸಿಕೆ ಹಾಕಿಸದೆ ಹೋದರೆ ಏನಾಗುತ್ತದೆ ಎಂಬುದನ್ನು ಭಾಷಣ ಮಾಡದೆ ಕತೆಯೊಳಕ್ಕೆ ತಂದ ಚಿತ್ರ ಅದು. ಹುಡುಗನ ಪಾತ್ರ ಮಾಡಿದವನು ಮ್ಯಾಕಿಯೇ. ಅಂದರೆ ತೆರೆಯ ಮೇಲೆ ಕಾಣುವ ಕಾಲು ನಟನೆಯದಲ್ಲ.

ಕನ್ನಡದವರಿಗೆ ಈ ಚಿತ್ರದಲ್ಲಿ ಒಂದು ಪರಿಚಿತ ಮುಖ ಸಿಗುತ್ತದೆ. ಎರಡು ವರ್ಷದ ಹಿಂದಷ್ಟೇ 'ಬಂಗಾರದ ಮನುಷ್ಯ'ದ ಲಕ್ಷ್ಮಿಯಾಗಿ ನಾಡಿನ ಮನೆಮಾತಾಗಿದ್ದ ಭಾರತಿ ಇದರಲ್ಲಿ ವಿನೋದ್ ಮೆಹ್ರಾ ಜೊತೆ ನಟಿಸಿದ್ದಾರೆ; ಮರುವರ್ಷ, 1975ರಲ್ಲಿ, ಅವರು ವಿಷ್ಣುವರ್ಧನ್ ಅವರ ಕೈ ಹಿಡಿದರು. ಮೆಹಮೂದ್‌ಗೆ ಜೋಡಿ ತಮಿಳಿನ ಮನೋರಮಾ. ಹಿಂದಿಯ ದೊಡ್ಡ ತಾರೆಯರು ಹಲವರು ಗೆಳೆತನಕ್ಕೆಂದು ಒಂದೊಂದು ದೃಶ್ಯದಲ್ಲಿ ಬಂದು ಹೋಗುತ್ತಾರೆ, ಅವರಲ್ಲಿ ಅಮಿತಾಬ್ ಕೂಡ ಒಬ್ಬರು.

ಸಂಗೀತಕ್ಕೆ ಮೆಹಮೂದ್ ಮತ್ತೆ ಹೊಸಬನನ್ನೇ ಹಿಡಿದರು. ತೀರಿಹೋಗಿದ್ದ ಸಂಗೀತ ನಿರ್ದೇಶಕ ರೋಶನ್ ಅವರ ಕಿರಿಯ ಮಗ, ರಾಜೇಶ್ ರೋಶನ್. ಅವರಿಗೆ ಇದು ಮೊದಲ ಚಿತ್ರ. ಸಾಹಿತ್ಯ ಮಜರೂಹ್ ಸುಲ್ತಾನ್‌ಪುರಿ ಅವರದು. ರಿಕ್ಷಾದವನ ಕುಣಿತದ ಹಾಡು, ಮಂಗಳಮುಖಿಯರು ಸೇರಿ ಕೂಸಿನ ಸುತ್ತ ಕೈ ತಟ್ಟಿ ಹಾಡುವ ಹಾಡು, ಇವೆರಡೂ ಜನಪ್ರಿಯವಾದವು. ಎರಡನೆಯದು ಇವತ್ತು ನೋಡಿದರೆ ನನಗೆ ಹೆಚ್ಚು ಹಿಡಿಸುತ್ತದೆ: ಊರು ದೂರ ಇಟ್ಟವರೇ ಊರು ಬಿಸಾಕಿದ ಮಗುವನ್ನು ಹರಸುತ್ತಾರೆ. ಆದರೆ ಚಿತ್ರದ ಜೀವ ಇರುವುದು ಒಂದು ಜೋಗುಳದಲ್ಲಿ. ಲತಾ ಮತ್ತು ಕಿಶೋರ್ ಹಾಡಿದ್ದು. ತಾಯಿಯಿಲ್ಲದ ಮಗುವನ್ನು ಮಲಗಿಸಲು ನಿದ್ದೆಯನ್ನೇ ಕರೆಯುವ ಹಾಡು. ಗಂಡಸು ಜೋಗುಳ ಹಾಡುವುದು ನಮ್ಮ ಸಿನಿಮಾದಲ್ಲಿ ಎಷ್ಟು ಕಡಿಮೆ ಎಂದು ಅದನ್ನು ಕೇಳಿದಾಗಲೆಲ್ಲ ಅನಿಸುತ್ತದೆ.

ಚಿತ್ರ ದೊಡ್ಡ ಕಲಾಕೃತಿಯೇನಲ್ಲ. ಅಳು ಜಾಸ್ತಿ, ಕಾಕತಾಳೀಯ ಜಾಸ್ತಿ, ಹಾಸ್ಯಕ್ಕೂ ದುಃಖಕ್ಕೂ ನಡುವೆ ಬಾಗಿಲು ದಡಬಡ ತೆರೆದು ಮುಚ್ಚುತ್ತದೆ. ಚಾಪ್ಲಿನ್ 1921ರಲ್ಲಿ ಮಾಡಿದ 'ದಿ ಕಿಡ್' ನೆನಪಾಗುತ್ತದೆ, ಆ ಹೋಲಿಕೆಯಲ್ಲಿ ಇದು ಸೋಲುತ್ತದೆ. ಆದರೂ ಮೆಹಮೂದ್ ಹುಡುಗನನ್ನು ಎತ್ತಿಕೊಳ್ಳುವ ರೀತಿಯೇ ಬೇರೆ. ಎಷ್ಟೋ ಸಲ ಎತ್ತಿ ಅಭ್ಯಾಸವಾದ ಕೈಗಳು ಅವು. ತೂಕ ಎಲ್ಲಿ ಬೀಳುತ್ತದೆ ಎಂದು ಗೊತ್ತಿರುವವರು ಹಾಗೆ ಎತ್ತುತ್ತಾರೆ.

ಇದನ್ನು ನಾನು ಇಷ್ಟು ಖಚಿತವಾಗಿ ಹೇಳುವುದು ನನ್ನ ಅಜ್ಜ ನಮ್ಮ ಚಿಕ್ಕಪ್ಪನನ್ನು ಎತ್ತುತ್ತಿದ್ದ ರೀತಿಯನ್ನು ಕೇಳಿ ಬಲ್ಲೆನಾದ್ದರಿಂದ. ಚಿಕ್ಕಪ್ಪ ಹುಟ್ಟಿದ್ದು ದೊಡ್ಡಬಳ್ಳಾಪುರದ ಹತ್ತಿರದ ಹಳ್ಳಿಯಲ್ಲಿ, ಅರವತ್ತರ ದಶಕದ ಕೊನೆಗೆ. ಎರಡು ವರ್ಷವಿದ್ದಾಗ ಮೂರು ದಿನ ಜ್ವರ ಬಂತು, ಎಡಗಾಲು ಹೋಯಿತು. "ಜ್ವರ ಕಾಲಿಗಿಳೀತು" ಎನ್ನುತ್ತಿದ್ದರು ಮನೆಯಲ್ಲಿ, ಪೋಲಿಯೋ ಎಂಬ ಮಾತು ಆಮೇಲೆ ಬಂದದ್ದು. ಏಳನೇ ಕ್ಲಾಸಿನವರೆಗೂ ಅಜ್ಜ ಸ್ಕೂಲಿಗೆ ಹೆಗಲ ಮೇಲೆ ಕೂರಿಸಿಕೊಂಡು ಹೋದರಂತೆ. ದೊಡ್ಡವರಾದ ಮೇಲೆ ಕ್ಯಾಲಿಪರ್ ಹಾಕಿಕೊಂಡು ಮತ್ತಿಕೆರೆಯಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟರು. ಜಾಲಹಳ್ಳಿಯಲ್ಲಿ ಎಚ್ಎಂಟಿ ವಾಚ್ ಕಾರ್ಖಾನೆ ಇದ್ದ ಕಾಲ, ಆ ಕಡೆ ಪ್ರತಿ ಮಣಿಕಟ್ಟಿನಲ್ಲೂ ಒಂದು ಎಚ್ಎಂಟಿ. ಕೂತು ಮಾಡುವ ಕೆಲಸ, ಅವರಿಗೆ ಒಗ್ಗಿತು.

ದೂರದರ್ಶನದಲ್ಲಿ ಒಮ್ಮೆ ಕುಂವಾರಾ ಬಾಪ್ ಬಂದಾಗ ಮನೆಮಂದಿಯೆಲ್ಲ ಅತ್ತರು. ಚಿಕ್ಕಪ್ಪ ಅರ್ಧಕ್ಕೇ ಎದ್ದು ಹೊರಗೆ ಜಗಲಿಯ ಮೇಲೆ ಕೂತರು. ಹೋಗಿ ಕರೆದೆ.

"ನೀವೆಲ್ಲ ಅವರಪ್ಪನ್ನ ನೋಡಿ ಅಳ್ತಿದೀರ ಕಣೋ. ಆ ಹುಡ್ಗನ್ನ ಯಾರೂ ನೋಡ್ತಿಲ್ಲ," ಎಂದರು.

ಆಗ ನನಗೆ ಅದು ಅರ್ಥವಾಗಲಿಲ್ಲ; ಹಿಂದಿ ಬಾರದ್ದಕ್ಕೆ ಬೇಸರವೇನೋ ಅಂದುಕೊಂಡೆ. ಆಮೇಲೆ, ತೊಂಬತ್ತರ ದಶಕ ಮುಗಿಯುತ್ತ ಬಂದಾಗ, ಮ್ಯಾಕಿ ಅಲಿಯ 'ಯಾರೋ ಸಬ್ ದುವಾ ಕರೋ' ಕೇಬಲ್ ಟಿವಿಯಲ್ಲಿ ಬರತೊಡಗಿತು. ಯಾರೋ ಗಿರಾಕಿ ಹೇಳಿದ್ದರಂತೆ, ಈ ಹಾಡುವವನು ಅದೇ ಹುಡುಗ ಎಂದು. ಚಿಕ್ಕಪ್ಪ ಅಂಗಡಿಯ ಪುಟ್ಟ ಟಿವಿಯ ಸದ್ದು ಏರಿಸಿ, ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು, ಪೂರ್ತಿ ನೋಡಿದರು. "ಆವಾಗ ಅವರಪ್ಪ ಹಾಡ್ಸಿದ್ದ. ಈಗ ಇವ್ನೇ ಹಾಡ್ತಿದಾನೆ ನೋಡು," ಎಂದು ಹೇಳಿ ಮತ್ತೆ ಕೆಲಸಕ್ಕೆ ಬಗ್ಗಿದರು.

ಚಿಕ್ಕಪ್ಪ ಸಾಹಿತ್ಯ ಓದಿದವರಲ್ಲ. ಆದರೆ ಆತ್ಮಕತೆಯ ಬಗ್ಗೆ, ಯಾರ ನೋವನ್ನು ಯಾರು ಹೇಳಬೇಕು ಎಂಬುದರ ಬಗ್ಗೆ ನಾನು ಮುಂದೆ ಓದಿದ ಎಷ್ಟೋ ಪುಸ್ತಕಗಳಿಗೆ ಈ ಎರಡು ಮಾತು ಸಾಟಿ. ಕುಂವಾರಾ ಬಾಪ್ ಪ್ರೀತಿಯ ಚಿತ್ರ ಎನ್ನುವುದರಲ್ಲಿ ಸಂಶಯವಿಲ್ಲ. ಆದರೆ ಅಲ್ಲಿ ವಾಸಿಯಾಗಬೇಕಾಗಿದ್ದದ್ದು ಅಪ್ಪನ ಮನಸ್ಸು. ಕಾಲು ಮಗನದು, ಕಣ್ಣೀರು ಅಪ್ಪನದು, ಕಂಠ ಕಿಶೋರ್ ಕುಮಾರನದು. ಮಗನಿಗೆ ಒಂದು ಹಾಡನ್ನೂ ಸ್ವಂತಕ್ಕೆ ಹಾಡುವ ವಯಸ್ಸಾಗಲಿ ಹಕ್ಕಾಗಲಿ ಇರಲಿಲ್ಲ. ತಂದೆಯನ್ನು ಇದಕ್ಕೆ ದೂರುವುದು ಅನ್ಯಾಯ. ತನ್ನ ಕೈಲಿದ್ದ ಒಂದೇ ಕಸುಬಿನಿಂದ ಆತ ಮಾಡಬಹುದಾದದ್ದು ಅಷ್ಟೇ.

ಕನ್ನಡದಲ್ಲಿ ಅದೇ 1974ರಲ್ಲಿ ಈ ಪಾಲುದಾರಿಕೆ ಒಂದು ಕಡೆ ಒಡೆಯಿತು ಎಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ಅದುವರೆಗೆ ಪಿ.ಬಿ. ಶ್ರೀನಿವಾಸ್ ಅವರ ಕಂಠದಲ್ಲಿ ಹಾಡುತ್ತಿದ್ದ ರಾಜಕುಮಾರ್ ಆ ವರ್ಷ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ಎಮ್ಮೆಯ ಮೇಲೆ ಕೂತು ತಾವೇ ಹಾಡಿದರು. ಅಲ್ಲಿಂದ ಮುಂದೆ ಅವರ ಮುಖಕ್ಕೆ ಅವರದೇ ಕಂಠ. ಯಶವಂತಪುರದ ಆಚೆ ಕಂಠೀರವ ಸ್ಟುಡಿಯೋದ ಅವರ ಸಮಾಧಿಯ ಬಳಿ ಹೋದರೆ ಇವತ್ತಿಗೂ ಜನ ಕೈ ಮುಗಿದು ಹಾಡೊಂದನ್ನು ಗುನುಗುವುದು ಕೇಳುತ್ತದೆ. ನಟನ ಸಮಾಧಿಗೂ ಗಾಯಕನ ಸಮಾಧಿಗೂ ಅವರು ಒಂದೇ ಸಲ ಬಂದಿರುತ್ತಾರೆ. ಆದರೂ ಅಣ್ಣಾವ್ರು ಹಾಡಿದ್ದು ಪಾತ್ರಗಳ ಸುಖದುಃಖವನ್ನು. ತಮ್ಮದನ್ನು ಅವರು ಹಾಡಿಗೆ ತಂದವರಲ್ಲ, ಆ ಕಾಲದ ಸಂಕೋಚ ಅದು.

ಹಿಂದಿಯಲ್ಲಿ ಆ ಸಂಕೋಚವನ್ನು ಮುರಿದದ್ದು ತೊಂಬತ್ತರ ದಶಕದ ಪಾಪ್. ಅಲಿಶಾ ಚಿನಾಯ್, ದಲೇರ್ ಮೆಹಂದಿ, ಲಕ್ಕಿ ಅಲಿ, ಸಿಲ್ಕ್ ರೂಟ್. ಸಾಹಿತ್ಯದವರು ಈ ಸಂಗೀತವನ್ನು ಹಗುರವಾಗಿ ಕಂಡದ್ದೇ ಹೆಚ್ಚು. ಬಹುಪಾಲು ಹಗುರವೂ ಆಗಿತ್ತು ಬಿಡಿ. ಆದರೆ ಚರಿತ್ರೆಯಲ್ಲಿ ಅದರ ಪಾಲು ದೊಡ್ಡದು: ಹಾಡುವವನ ಮುಖ ಮೊದಲ ಬಾರಿಗೆ ಹಾಡಿನ ಜೊತೆಗೇ ಮನೆಯೊಳಗೆ ಬಂತು. ಪಡೋಸನ್‌ನಲ್ಲಿ ಕಿಟಕಿಯ ಹಿಂದೆ ಅಡಗಿದ್ದವನು ಎದ್ದು ಕಿಟಕಿಗೇ ಬಂದು ನಿಂತ ಹಾಗೆ.

ಲಕ್ಕಿ ಅಲಿ ಅದಕ್ಕೆ ತಕ್ಕ ಮನುಷ್ಯ. ಹುಟ್ಟಿದ್ದು 1958ರಲ್ಲಿ, ಸುನೋ ಬಂದಾಗ ಮೂವತ್ತೆಂಟು ವರ್ಷ. ಪಾಪ್ ಗಾಯಕರ ಲೆಕ್ಕದಲ್ಲಿ ನಿವೃತ್ತಿಯ ವಯಸ್ಸು. ಅದಕ್ಕೆ ಮೊದಲು ತೈಲದ ರಿಗ್ಗಿನಲ್ಲಿ ದುಡಿದಿದ್ದರು, ಕುದುರೆ ಸಾಕಿದ್ದರು, ಶ್ಯಾಮ್ ಬೆನಗಲ್ ಅವರ 'ತ್ರಿಕಾಲ್' (1985) ಚಿತ್ರದಲ್ಲಿ ನಟಿಸಿದ್ದರು. ಓ ಸನಮ್ ಹಾಡಿನ ಚಿತ್ರಣವನ್ನು ಮಹೇಶ್ ಮಥಾಯ್ ಈಜಿಪ್ಟಿನಲ್ಲಿ ಮಾಡಿದರು. ಅದರಲ್ಲಿ ಜೊತೆಯಾಗಿ ಕಾಣುವಾಕೆ ಆಗಿನ ಅವರ ಪತ್ನಿ. ಆಕೆಯ ಅಣ್ಣತಮ್ಮಂದಿರಲ್ಲೊಬ್ಬರಾದ ಮೈಕಿ ಮೆಕ್‌ಕ್ಲಿಯರಿ ಸಂಗೀತದಲ್ಲಿ ಜೊತೆಗಾರ. ಹೀಗೆ ಮನೆಯವರೇ ಸೇರಿ ಮಾಡಿದ ನಾಲ್ಕೈದು ನಿಮಿಷದ ಸಿನಿಮಾ ಅದು. ಆ ದಾಂಪತ್ಯ ಮುಂದೆ ಉಳಿಯಲಿಲ್ಲ. ಹಾಡನ್ನು ಮಾತ್ರ ಮದುವೆ ಮನೆಯ ಆರ್ಕೆಸ್ಟ್ರಾದವರು ಇನ್ನೂ ಬಿಟ್ಟಿಲ್ಲ.

ಆ ಕಂಠದಲ್ಲಿ ಒಂದು ಬಳಲಿಕೆ ಇದೆ. ಪಳಗಿದ ಗಾಯಕನಾದರೆ ಮುಚ್ಚಿಡುತ್ತಿದ್ದ ಉಸಿರು, ಅಲ್ಲಲ್ಲಿ ಒಡೆಯುವ ಸ್ವರ. 2000ದಲ್ಲಿ 'ಕಹೋ ನಾ ಪ್ಯಾರ್ ಹೈ' ಚಿತ್ರಕ್ಕೆ ಆ ಕಂಠವನ್ನು ಕರೆದ ಸಂಗೀತ ನಿರ್ದೇಶಕ ಯಾರು ಎಂದುಕೊಂಡಿರಿ? ರಾಜೇಶ್ ರೋಶನ್. ಒಬ್ಬ ಮಗನ ಕಾಲಿನ ಕತೆ ಹೇಳಲು ತಂದೆ ಆರಿಸಿದ ಹೊಸ ಹುಡುಗ, ಇಪ್ಪತ್ತಾರು ವರ್ಷದ ಮೇಲೆ ಇನ್ನೊಬ್ಬ ಮಗನಿಗೆ ಹಾಡು ಕೊಟ್ಟ. 'ನಾ ತುಮ್ ಜಾನೋ ನಾ ಹಮ್' ಹಾಡಿಗೆ ಲಕ್ಕಿ ಅಲಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ತೆರೆಯ ಮೇಲೆ ಕುಣಿದದ್ದು ರಾಜೇಶ್ ಅವರ ಅಣ್ಣನ ಮಗ ಹೃತಿಕ್. ಮತ್ತೆ ಮುಖ ಬೇರೆ, ಕಂಠ ಬೇರೆ!

ಎರಡೂ ಕೂಡಿದ್ದು 2002ರಲ್ಲಿ, 'ಸುರ್' ಚಿತ್ರದಲ್ಲಿ. ತನುಜಾ ಚಂದ್ರ ನಿರ್ದೇಶನ, ಸಂಗೀತ ಎಂ.ಎಂ. ಕ್ರೀಮ್. ಹಿಂದಿಯವರು ಕ್ರೀಮ್ ಎನ್ನುವ ಇವರು ನಮಗೆ ಕೀರವಾಣಿ, 2023ರಲ್ಲಿ 'ನಾಟು ನಾಟು' ಹಾಡಿಗೆ ಆಸ್ಕರ್ ಪಡೆದವರು. ಊಟಿಯ ಸಂಗೀತ ಶಾಲೆಯ ಹೆಸರಾಂತ ಗುರುವಾಗಿ ಲಕ್ಕಿ ಅಲಿ. ಅವನಿಗೆ ಒಬ್ಬ ಶಿಷ್ಯೆ ಸಿಗುತ್ತಾಳೆ. ಅವಳ ಕಂಠ ತನ್ನದಕ್ಕಿಂತ ಮೇಲು ಎಂದು ತಿಳಿದ ದಿನ ಪ್ರೀತಿಯ ಒಳಗೆ ಅಸೂಯೆ ಹುಳುವಾಗಿ ಹೊಕ್ಕುತ್ತದೆ. ಅವಳ ದಾರಿಗೆ ಅಡ್ಡ ನಿಲ್ಲುತ್ತಾನೆ, ಕೊನೆಗೆ ಅದನ್ನು ಒಪ್ಪಿಕೊಳ್ಳುವ ನೋವನ್ನೂ ಅನುಭವಿಸುತ್ತಾನೆ. ಕತೆ ಲಕ್ಕಿ ಅಲಿಯ ಬದುಕಿನದಲ್ಲ. ಆದರೆ ಆ ಪಾತ್ರದ ಹಾಡುಗಳನ್ನು ಹಾಡಿದ್ದು ಅವರೇ. ತಪ್ಪು ಮಾಡಿದ ಮುಖದಿಂದಲೇ ತಪ್ಪೊಪ್ಪಿಗೆಯ ಸ್ವರ ಬರುತ್ತದೆ. ನಟನೆ ಅಷ್ಟಕ್ಕಷ್ಟೇ ಎಂದವರಿದ್ದರು, ನನಗೂ ಹಾಗೇ ಅನಿಸಿತ್ತು. ಹಾಡು ಶುರುವಾದಾಗ ಮಾತ್ರ ಆ ಕಲ್ಲುಮುಖ ಸರಿಯಾಗಿ ಕೂತುಕೊಳ್ಳುತ್ತದೆ. ಚಿತ್ರ ಓಡಲಿಲ್ಲ, ಹಾಡುಗಳು ಓಡಿದವು.

ಮ್ಯಾಕಿ ತೀರಿಕೊಂಡದ್ದೂ ಅದೇ 2002ರಲ್ಲಿ. ಅವನಿಗೆ ದೊರೆತದ್ದು ಕೆಲವು ಹಾಡುಗಳು, ಕೆಲವು ವರ್ಷ. ಎರಡು ವರ್ಷದ ನಂತರ, 2004ರ ಜುಲೈ 23ರಂದು, ಹೃದಯದ ಚಿಕಿತ್ಸೆಗೆಂದು ಅಮೆರಿಕಕ್ಕೆ ಹೋಗಿದ್ದ ಮೆಹಮೂದ್ ಪೆನ್ಸಿಲ್ವೇನಿಯಾದಲ್ಲಿ ನಿದ್ದೆಯಲ್ಲೇ ಹೋದರು. ನಿದ್ದೆಯನ್ನು ಕರೆಯುವ ಜೋಗುಳದ ಮನುಷ್ಯ.

ಅವರು ಚಿತ್ರ ಮಾಡಿದ ಕಾಲಕ್ಕೆ ಪೋಲಿಯೋ ಲಸಿಕೆ ಜಗತ್ತಿಗೆ ಹೊಸದಾಗಿರಲಿಲ್ಲ. ಸಾಲ್ಕ್ ಅವರ ಚುಚ್ಚುಮದ್ದು 1955ರಲ್ಲೇ ಬಂದಿತ್ತು, ಸೇಬಿನ್ ಅವರ ಹನಿ ಅರವತ್ತರ ದಶಕದ ಮೊದಲಿಗೆ. ಆದರೆ ನಮ್ಮ ಸರ್ಕಾರ ದೇಶವಿಡೀ ಮಕ್ಕಳಿಗೆ ಲಸಿಕೆ ಹಾಕುವ ಕಾರ್ಯಕ್ರಮ ಶುರುಮಾಡಿದ್ದು 1978ರಲ್ಲಿ. ಅದರಲ್ಲಿ ಪೋಲಿಯೋ ಸೇರಿದ್ದು ಅದರ ಮರುವರ್ಷ. ಅಂದರೆ ಸರ್ಕಾರದ ಹನಿ ಬರುವ ಮೊದಲೇ ಒಬ್ಬ ಹಾಸ್ಯನಟ ಹನಿಯ ಮಾತನ್ನು ಟೆಂಟು ಟಾಕೀಸುಗಳವರೆಗೆ ಒಯ್ದಿದ್ದ. ಪಲ್ಸ್ ಪೋಲಿಯೋ ಭಾನುವಾರಗಳು ಶುರುವಾದದ್ದು 1995ರ ಡಿಸೆಂಬರಿನಲ್ಲಿ. ಆಮೇಲೆ 2002ರ ಸುಮಾರಿಗೆ ಟಿವಿಯಲ್ಲಿ ತಾಯಂದಿರನ್ನು ಗದರಿ, ಎರಡು ಹನಿ ಹಾಕಿಸಿ ಎಂದು ಹೇಳಲು ಬಂದವರು ಅಮಿತಾಬ್ ಬಚ್ಚನ್. ಕುಂವಾರಾ ಬಾಪ್‌ನಲ್ಲಿ ಗೆಳೆತನಕ್ಕೆ ಬಂದು ಹೋದವರು, ಮೂರು ದಶಕದ ಮೇಲೆ ಅದೇ ಮಾತು ಹೇಳಲು ಮತ್ತೆ ಬಂದರು. 2009ರಲ್ಲೂ ದೇಶದಲ್ಲಿ 741 ಮಕ್ಕಳಿಗೆ ಪೋಲಿಯೋ ತಗಲಿತ್ತು. ಕೊನೆಯ ಪ್ರಕರಣ 2011ರ ಜನವರಿ 13ರದು, ಪಶ್ಚಿಮ ಬಂಗಾಳದ ಹೌರಾದ ಒಂದು ಹೆಣ್ಣುಮಗು. 2014ರ ಮಾರ್ಚ್ 27ರಂದು ನಮಗೆ ಪೋಲಿಯೋಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಮ್ಯಾಕಿಗೂ ಮೆಹಮೂದ್‌ಗೂ ಆ ಸುದ್ದಿ ಕೇಳಲು ಆಗಲಿಲ್ಲ. ಚಿಕ್ಕಪ್ಪ ಕೇಳಿದರು. ಪೇಪರನ್ನು ಮಡಿಸಿ ಗಲ್ಲಾದ ಕೆಳಗಿಟ್ಟರು.

ಯಲಹಂಕ ಈಗ ಗುರುತು ಸಿಗದ ಹಾಗಿದೆ. ಸುನೋ ಬಂದ ವರ್ಷವೇ, 1996ರಲ್ಲಿ, ಅಲ್ಲಿನ ವಾಯುನೆಲೆಯಲ್ಲಿ ಮೊದಲ ವೈಮಾನಿಕ ಪ್ರದರ್ಶನ ನಡೆದಿತ್ತು; 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ದ್ರಾಕ್ಷಿ ತೋಟಗಳ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದವು. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಗಂಟೆಗಟ್ಟಲೆ ನಿಂತ ವಾಹನಗಳಲ್ಲಿ ಎಫ್ಎಂ ಹಾಕಿ ಕೂತವರಿಗೆ ಆಗಾಗ ಓ ಸನಮ್ ಕೇಳುತ್ತದೆ. 2020ರ ನವೆಂಬರಿನಲ್ಲಿ, ಕೊರೋನಾದಲ್ಲಿ ಎಲ್ಲರೂ ಕಂಗೆಟ್ಟಿದ್ದಾಗ, ಬಿಳಿ ಗಡ್ಡದ ಲಕ್ಕಿ ಅಲಿ ಗಿಟಾರ್ ಹಿಡಿದು ಅದೇ ಹಾಡನ್ನು ಹಾಡಿದ ಒಂದು ಚಿಕ್ಕ ವಿಡಿಯೋ ಫೋನಿಂದ ಫೋನಿಗೆ ಹರಿದಾಡಿತು. ಸ್ವರ ಮೊದಲಿಗಿಂತ ಹೆಚ್ಚು ಒಡೆದಿತ್ತು. ಅದಕ್ಕೇ ಇರಬೇಕು, ಜನ ಅದನ್ನು ಮತ್ತೆ ಮತ್ತೆ ಹಾಕಿಕೊಂಡು ಕೇಳಿದರು.

ನನ್ನ ವಿದ್ಯಾರ್ಥಿನಿಗೆ ಕುಂವಾರಾ ಬಾಪ್ ನೋಡು ಎಂದಿದ್ದೆ. ನೋಡಿಕೊಂಡು ಬಂದಳು. ಲೋಪೆಜ್‌ಳ ಚಿತ್ರವೇ ಇಷ್ಟ ಎಂದಳು, ಅದರಲ್ಲಿ ಹಾಡುವವಳೇ ಬದುಕಿದವಳು ಎಂದು ಕಾರಣ ಕೊಟ್ಟಳು. ಚಿಕ್ಕಪ್ಪ ಇದ್ದಿದ್ದರೆ ಅವಳ ಪಕ್ಷವೇ. ಆಮೇಲೆ ಅವಳು ಆ ಹುಡುಗ ದೊಡ್ಡವನಾಗಿ ಹಾಡಿದ್ದು ಸಿಗುತ್ತದೆಯೇ ಎಂದು ಕೇಳಿದಳು. ಹೆಸರು ಬರೆದುಕೊಟ್ಟೆ. ಅದು 2024ರ ಮಾರ್ಚ್ ಮೊದಲ ವಾರ, ಹಿಂದಿನ ಭಾನುವಾರವಷ್ಟೇ ಪಲ್ಸ್ ಪೋಲಿಯೋ ನಡೆದಿತ್ತು. ಕಾಲೇಜಿನ ಕಾಂಪೌಂಡಿಗೆ ಕಟ್ಟಿದ್ದ ಬ್ಯಾನರನ್ನು ಇನ್ನೂ ಯಾರೂ ಬಿಚ್ಚಿರಲಿಲ್ಲ.